ಪೀಠದ ಮೇಲಣ ಸಂಶಯ

ಸಿರಾ ತಾಲ್ಲೂಕಿನ ತಾವರೆಕೆರೆಯಿಂದ ನಮ್ಮ ವಾಚಕರೊಬ್ಬರು ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಅವರ ಬಂಧುಗಳ ಮನೆಯ ಹತ್ತು ವರ್ಷದ ಬಾಲಕನನ್ನು ಮಠವೊಂದಕ್ಕೆ ಮರಿಯಾಗಿ ಒಪ್ಪಿಸಬೇಕೆಂದು ಹಿರಿಯರು ಆಲೋಚಿಸುತ್ತಿರುವರಂತೆ. ಹುಡುಗನು ಬುದ್ಧಿವಂತ, ಮನೆಯಲ್ಲಿ ಬಡತನ, ಮಳೆಯನ್ನೇ ನೆಚ್ಚಿಕೊಂಡಿರುವ ಆ ಸೀಮೆಯ ಬೇಸಾಯದ ಗತಿ ಎಲ್ಲರಿಗೂ ತಿಳಿದದ್ದೇ. ಮಠದಲ್ಲಿಯಾದರೆ ಅನ್ನಕ್ಕೂ ವಿದ್ಯೆಗೂ ಕೊರತೆಯಿಲ್ಲ. "ಇದೆಲ್ಲವೂ ಸರಿ. ಆದರೆ ಈ ಮಗುವು ಬೆಳೆದು ಪೀಠವನ್ನೇರಿದ ಮೇಲೆ, ತನಗೆ ದೇವರಲ್ಲಿ ನಂಬಿಕೆಯೇ ಉಳಿದಿಲ್ಲವೆಂದು ಒಂದು ದಿನ ಕಂಡುಕೊಂಡರೆ ಅವನ ಗತಿಯೇನು?" ಎಂಬುದು ಅವರ ಪ್ರಶ್ನೆ. ಇಂತಹ ಪ್ರಶ್ನೆಯನ್ನು ಮನಸ್ಸಿನೊಳಗೆ ಕೇಳಿಕೊಂಡವರು ಅನೇಕರಿರಬಹುದು. ಕಾಗದದ ಮೇಲೆ ಬರೆದು ನಮಗೆ ಕಳುಹಿಸಿದವರು ಇವರೊಬ್ಬರೇ. ಇದಕ್ಕೆ ಹಾರಿಕೆಯ ಉತ್ತರವನ್ನು ಕೊಟ್ಟು ಸುಮ್ಮನಾಗುವುದು ನ್ಯಾಯವಲ್ಲ.

ನಾವು ಆಸ್ತಿಕರು. ಇದನ್ನು ಮೊದಲೇ ಹೇಳಿಬಿಡುವುದು ಲೇಸು. ನಾಸ್ತಿಕನೆಂಬ ಶಬ್ದವು ನಮ್ಮ ಕಡೆಯಲ್ಲಿ ಈಗ ಬೈಗಳಾಗಿ ನಿಂತಿದೆ. ಆದರೆ ಪಾಠಶಾಲೆಯಲ್ಲಿ ನಾಲ್ಕಕ್ಷರ ಕಲಿತವರಿಗೆ ಆ ಶಬ್ದದ ಚರಿತ್ರೆಯು ಬೇರೆಯೆಂದು ತಿಳಿದಿರುತ್ತದೆ. ಮನುಸ್ಮೃತಿಯ ಲೆಕ್ಕದಲ್ಲಿ ನಾಸ್ತಿಕನೆಂದರೆ ವೇದನಿಂದಕನು. ಈಶ್ವರನನ್ನು ಒಪ್ಪದವನೆಂಬುದು ಅಲ್ಲಿನ ಅರ್ಥವಲ್ಲ. ಆ ಲೆಕ್ಕವನ್ನು ಹಿಡಿದು ನಡೆದರೆ, ಜಗತ್ತಿಗೊಬ್ಬ ಕರ್ತನಿದ್ದಾನೆಂಬ ಮಾತನ್ನು ಶ್ಲೋಕವಾರ್ತಿಕದಲ್ಲಿ ಖಂಡಿಸಿದ ಕುಮಾರಿಲಭಟ್ಟರು ಆಸ್ತಿಕರಾಗುತ್ತಾರೆ; ಮಧುಗಿರಿಯ ಬಸದಿಗೆ ಕೈಮುಗಿದು ಬರುವ ನಿರುಪದ್ರವಿಗಳಾದ ಜೈನರು ನಾಸ್ತಿಕರಾಗುತ್ತಾರೆ! ಶೃಂಗೇರಿಯ ವಿದ್ಯಾರಣ್ಯರ ಹೆಸರಿನೊಡನೆ ಸಂಪ್ರದಾಯವು ಸೇರಿಸಿಕೊಂಡು ಬಂದಿರುವ ಸರ್ವದರ್ಶನಸಂಗ್ರಹವನ್ನು ತೆರೆದರೆ ಮೊಟ್ಟಮೊದಲು ಎದುರಾಗುವುದು ಚಾರ್ವಾಕ ದರ್ಶನ. ದೇವರಿಲ್ಲ, ಪರಲೋಕವಿಲ್ಲ, ಶ್ರಾದ್ಧದಿಂದ ಸತ್ತವನ ಹಸಿವು ತೀರುವುದಿಲ್ಲ ಎನ್ನುವವನ ವಾದವನ್ನು ಆ ಗ್ರಂಥಕಾರರು ಮೊದಲು ಪೂರ್ತಿಯಾಗಿ ಕೇಳಿಸಿ, ಆಮೇಲೆ ಮುಂದಕ್ಕೆ ಹೋಗಿದ್ದಾರೆ. ಪೂರ್ವಪಕ್ಷವೆಂದರೆ ಇದೇ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನಿಗೆ ಮಾತ್ರ ಅದನ್ನು ಖಂಡಿಸುವ ಅಧಿಕಾರವೆಂದು ಹಿಂದಿನವರು ತಿಳಿದಿದ್ದರು.

ಇನ್ನು ಬಾಲಕನ ವಿಷಯ. ಎಳೆಯ ವಯಸ್ಸಿನಲ್ಲಿ ಸನ್ಯಾಸವನ್ನು ಕೊಡಬಹುದೇ ಎಂಬ ವ್ಯಾಜ್ಯವು ಉಡುಪಿಯ ಶೀರೂರು ಮಠದ ಸಂಬಂಧವಾಗಿ ನಮ್ಮ ಉಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಹದಿನೆಂಟು ತುಂಬದವರು ಸನ್ಯಾಸವನ್ನು ಸ್ವೀಕರಿಸಲು ಶಾಸನದಲ್ಲಿ ಅಡ್ಡಿಯಿಲ್ಲವೆಂದು ೨೦೨೧ರ ಸೆಪ್ಟೆಂಬರಿನಲ್ಲಿ ತೀರ್ಪಾಯಿತು. ನ್ಯಾಯಾಧೀಶರ ತೀರ್ಪಿಗೆ ನಾವು ತಲೆಬಾಗುತ್ತೇವೆ. ಅವರ ಮುಂದಿದ್ದದ್ದು ಒಳಗೆ ಹೋಗುವ ಬಾಗಿಲಿನ ಪ್ರಶ್ನೆ. ನಮ್ಮ ವಾಚಕರು ಕೇಳುತ್ತಿರುವುದು ಹೊರಗೆ ಬರುವ ಬಾಗಿಲನ್ನು ಕುರಿತು.

ಆ ಬಾಗಿಲು ಎಷ್ಟು ಇಕ್ಕಟ್ಟಾದದ್ದೆಂದು ವಿಚಾರ ಮಾಡಿರಿ. ಮರಿಯಾಗಿ ಹೋದ ಹುಡುಗನು ತಂದೆತಾಯಿಗಳನ್ನು ಪೂರ್ವಾಶ್ರಮಕ್ಕೆ ಬಿಟ್ಟವನು. ಮನೆಯಿಲ್ಲ, ಪಾಲಿಲ್ಲ, ಕೈಯಲ್ಲಿ ಕಸುಬಿಲ್ಲ. ನಿನ್ನೆಯವರೆಗೆ ಅಡ್ಡಪಲ್ಲಕ್ಕಿಯಲ್ಲಿ ಕೂಡಿಸಿ ಪಾದಪೂಜೆ ಮಾಡಿದ ಜನರು, ಅವನು ಕಾವಿಯನ್ನು ತೆಗೆದಿಟ್ಟ ಮರುದಿನ ಅವನಿಗೆ ಒಂದು ಕೊಠಡಿಯನ್ನು ಬಾಡಿಗೆಗೆ ಕೊಡಲಾರರು. ಇತ್ತ ಮಠವೆಂಬುದು ಬರಿಯ ಪೂಜೆಯ ಸ್ಥಳವೂ ಅಲ್ಲ. ನಮ್ಮ ಜಿಲ್ಲೆಯ ಸಿದ್ಧಗಂಗೆಯನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಸಾವಿರಾರು ಮಕ್ಕಳ ಊಟ, ಶಾಲೆ, ವಸತಿಗಳ ಭಾರವು ಗುರುವಿನ ಹೆಸರಿನ ಮೇಲೆ ನಿಂತಿರುತ್ತದೆ. ತಾನು ಬಾಯಿ ತೆರೆದರೆ ಆ ಒಲೆಗಳು ಆರಿಹೋದಾವೆಂಬ ಅಂಜಿಕೆಯೇ ಸಾಧುವಾದ ಮನುಷ್ಯನ ಬಾಯನ್ನು ಕಟ್ಟಲು ಸಾಕು. ಮೌನವಾಗಿರುವವನನ್ನೆಲ್ಲ ಡಾಂಭಿಕನೆಂದು ಕರೆಯುವವರು ಇದನ್ನು ನೆನೆಯಬೇಕು.

ಇದು ನಮ್ಮ ದೇಶದ ಮಾತು ಮಾತ್ರವಲ್ಲ. ಫ್ರಾನ್ಸಿನ ಏತ್ರೆಪಿನಿಯೆಂಬ ಸಣ್ಣ ಹಳ್ಳಿಯಲ್ಲಿ ಝಾನ್ ಮೆಲಿಯೆ ಎಂಬ ಪಾದ್ರಿಯು ೧೬೮೯ರಿಂದ ೧೭೨೯ರವರೆಗೆ ನಾಲ್ವತ್ತು ವರ್ಷಕಾಲ ಪೂಜೆ ಪ್ರಾರ್ಥನೆಗಳನ್ನು ನಡೆಸಿದನು. ಅವನು ಸತ್ತ ಮೇಲೆ ಸಿಕ್ಕಿದ ಹಸ್ತಪ್ರತಿಗಳಲ್ಲಿ ದೇವರೂ ಇಲ್ಲ, ಆತ್ಮವೂ ಇಲ್ಲ, ಮತಗಳೆಲ್ಲವೂ ಅರಸರಿಗೂ ಧನಿಕರಿಗೂ ಅನುಕೂಲವಾದ ಏರ್ಪಾಡೆಂದು ಬರೆದಿತ್ತು. ನಾಲ್ವತ್ತು ವರ್ಷ! ಪ್ರತಿ ಭಾನುವಾರವೂ ತಾನು ನಂಬದ ಮಾತನ್ನು ತನ್ನನ್ನು ನಂಬಿದ ರೈತರಿಗೆ ಹೇಳಿದ ಆ ಮನುಷ್ಯನ ಒಳಗಿನ ಬೇಗೆ ಎಷ್ಟಿದ್ದಿರಬೇಕು? ಇದರಲ್ಲಿ ಇನ್ನೊಂದು ವಿನೋದವುಂಟು. ೧೭೬೨ರಲ್ಲಿ ಆ ಬರಹವನ್ನು ಸಂಗ್ರಹಿಸಿ ಅಚ್ಚುಹಾಕಿಸಿದ ವಾಲ್ಟೇರನು ಮೆಲಿಯೆಯ ನಾಸ್ತಿಕತೆಯನ್ನು ಕತ್ತರಿಸಿಹಾಕಿ, ಅವನನ್ನು ಒಬ್ಬ ಈಶ್ವರವಾದಿಯನ್ನಾಗಿ ತಿದ್ದಿ ಲೋಕಕ್ಕೆ ತೋರಿಸಿದನು. ಬದುಕಿದ್ದಾಗ ಹೇಳಲಾರದ ಮಾತನ್ನು ಸತ್ತ ಮೇಲೂ ಪೂರ್ತಿಯಾಗಿ ಹೇಳಗೊಡಲಿಲ್ಲ. ಈಚೆಗೆ ೨೦೧೦ರಲ್ಲಿ ಅಮೆರಿಕದ ತತ್ತ್ವಜ್ಞ ಡೆನೆಟ್ ಎಂಬವರು ಲಸ್ಕೋಲಾ ಎಂಬ ಮಹಿಳೆಯೊಡನೆ ಕೂಡಿ, ನಂಬಿಕೆಯನ್ನು ಕಳೆದುಕೊಂಡೂ ಕೆಲಸದಲ್ಲಿ ಮುಂದುವರಿದಿದ್ದ ಐವರು ಪಾದ್ರಿಗಳನ್ನು ಗುಟ್ಟಾಗಿ ವಿಚಾರಿಸಿ ಒಂದು ವರದಿಯನ್ನು ಪ್ರಕಟಿಸಿದರು. ಮರುವರ್ಷವೇ ಅಂತಹವರು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳಲು ಒಂದು ಸಂಘವು ಅಲ್ಲಿ ಹುಟ್ಟಿತು. ಹೆಂಡತಿಮಕ್ಕಳು, ವಾಸದ ಮನೆ, ಹೊಟ್ಟೆಪಾಡು, ಸ್ನೇಹಿತರು ಇವೇ ಅಲ್ಲಿಯೂ ಕಾಲಿಗೆ ತೊಡಕು.

ಹೊರಗೆ ಬಂದವರೂ ಉಂಟು. ರಾಹುಲ ಸಾಂಕೃತ್ಯಾಯನರ ಹೆಸರನ್ನು ನಮ್ಮ ವಾಚಕರು ಕೇಳಿರುತ್ತಾರೆ. ಬಿಹಾರದ ಪರಸಾ ಮಠದ ಮಹಂತರು ಈ ಬುದ್ಧಿಶಾಲಿ ತರುಣನನ್ನು ಶಿಷ್ಯನನ್ನಾಗಿ ಸ್ವೀಕರಿಸಿ, ರಾಮ ಉದಾರದಾಸನೆಂದು ಹೆಸರಿಟ್ಟು, ಮುಂದಕ್ಕೆ ತಮ್ಮ ಗದ್ದುಗೆಯನ್ನು ಅವನಿಗೇ ಕೊಡಬೇಕೆಂದಿದ್ದರು. ಆತನು ವೈಷ್ಣವ ಸಾಧುವಾಗಿದ್ದು ಆರ್ಯಸಮಾಜಕ್ಕೆ ಸೇರಿದನು. ಆ ಕಾಲದಲ್ಲಿ, ೧೯೨೧ರಲ್ಲಿ, ನಮ್ಮ ಕೊಡಗಿನಲ್ಲಿಯೂ ಕೆಲವು ತಿಂಗಳು ಇದ್ದನು. ೧೯೩೦ರಲ್ಲಿ ಸಿಂಹಳದಲ್ಲಿ ಬೌದ್ಧ ಭಿಕ್ಷುವಾಗಿ, ಟಿಬೆಟ್ಟಿನಿಂದ ಅಮೂಲ್ಯವಾದ ಓಲೆಗ್ರಂಥಗಳನ್ನು ಹುಡುಕಿ ತಂದು, ಕಡೆಗೆ ಆ ಚೀವರವನ್ನೂ ಬಿಟ್ಟು ನಿರೀಶ್ವರವಾದಿಯಾದರು. ಅವರ ಕಡೆಗಾಲದ ಅಭಿಪ್ರಾಯಗಳನ್ನು ನಾವು ಒಪ್ಪತಕ್ಕವರಲ್ಲ. ತಥಾಪಿ ಒಂದು ಮಾತನ್ನು ಹೇಳದೆ ಇರಲಾಗದು: ನಂಬಿಕೆಯು ಬದಲಾದಾಗಲೆಲ್ಲ ಅವರು ಬಟ್ಟೆಯನ್ನೂ ಬದಲಾಯಿಸಿದರು. ಒಳಗೊಂದು ಹೊರಗೊಂದು ಇಟ್ಟುಕೊಳ್ಳಲಿಲ್ಲ. ಹತ್ತಾರು ಭಾಷೆಗಳನ್ನು ಬಲ್ಲ, ಹಿಮಾಲಯವನ್ನು ಕಾಲ್ನಡಿಗೆಯಿಂದ ದಾಟಬಲ್ಲ ಗಟ್ಟಿಗರಿಗೆ ಅದು ಸಾಧ್ಯವಾಯಿತು. ಹಳ್ಳಿಯ ಮಠದ ಸ್ವಾಮಿಗೆ ಅಷ್ಟು ಕಸುವನ್ನು ಎಲ್ಲಿಂದ ತರೋಣ?

ಪೀಠವನ್ನು ಬಿಡುವುದೂ ದೇವರನ್ನು ಬಿಡುವುದೂ ಒಂದೇ ಅಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಸುಬ್ರಹ್ಮಣ್ಯ ಮಠದ ಅಧಿಪತಿಗಳಾಗಿದ್ದ ಶ್ರೀ ವಿದ್ಯಾಭೂಷಣರು ೧೯೯೭ರಲ್ಲಿ ಪೀಠವನ್ನು ತ್ಯಜಿಸಿ ಗೃಹಸ್ಥರಾದರು. ಅವರು ನಂಬಿಕೆಯನ್ನು ಕಳೆದುಕೊಂಡವರಲ್ಲ. ಹರಿದಾಸರ ಪದಗಳನ್ನು ಹಾಡುವುದನ್ನು ನಿಲ್ಲಿಸಲಿಲ್ಲ, ಜನರು ಕೇಳುವುದನ್ನೂ ನಿಲ್ಲಿಸಲಿಲ್ಲ. ಮೊದಲು ಗದ್ದಲವಾಯಿತು, ಆಮೇಲೆ ಅಡಗಿತು. ಬಹಿರಂಗವಾಗಿ ಬಾಗಿಲನ್ನು ತೆರೆದುಕೊಂಡು ಹೊರಗೆ ಬಂದವನನ್ನು ನಮ್ಮ ಜನರು ಸೈರಿಸಬಲ್ಲರೆಂಬುದಕ್ಕೆ ಇಷ್ಟು ಆಧಾರವಾದರೂ ಇದೆ.

ಆದುದರಿಂದ ತಾವರೆಕೆರೆಯ ಮಹನೀಯರಿಗೆ ನಮ್ಮ ಉತ್ತರ ಹೀಗೆ: ಮಗುವನ್ನು ಮಠದ ಶಾಲೆಗೆ ಕಳುಹಿಸಿರಿ, ಸಂತೋಷ. ಮರಿಯಾಗಿ ಒಪ್ಪಿಸುವ ಮಾತು ಬಂದರೆ, ಅವನಿಗೆ ಇಪ್ಪತ್ತೊಂದು ತುಂಬುವವರೆಗೆ ದೀಕ್ಷೆಯನ್ನು ಕೊಡಕೂಡದೆಂದೂ, ಶಾಸ್ತ್ರಪಾಠದೊಡನೆ ಹೊರಗೆ ಅನ್ನವನ್ನು ಸಂಪಾದಿಸಬಲ್ಲ ಒಂದು ವಿದ್ಯೆಯನ್ನೂ ಕಲಿಸತಕ್ಕದ್ದೆಂದೂ, ತಂದೆಯ ಆಸ್ತಿಯಲ್ಲಿ ಅವನ ಪಾಲನ್ನು ಅಲ್ಲಿಯವರೆಗೆ ಯಾರೂ ಬರೆಸಿಕೊಳ್ಳತಕ್ಕದ್ದಲ್ಲವೆಂದೂ ಮಠದ ಆಡಳಿತದವರಿಂದ ಕಾಗದ ಮಾಡಿಸಿಕೊಳ್ಳಿರಿ. ಮುಂದೆ ಪೀಠವನ್ನೇರಿದ ಮೇಲೆ ಬಿಡಬೇಕೆಂದು ತೋರಿದರೆ ಅವನಿಗೆ ಜೀವನಾಂಶವೇನೆಂಬುದೂ ಅದರಲ್ಲಿರಲಿ. ಸಂವಿಧಾನದ ೨೫ನೆಯ ಅನುಚ್ಛೇದವು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಕಾವಿಯನ್ನು ಉಟ್ಟವನನ್ನು ಅದು ಹೊರಗಿಟ್ಟಿಲ್ಲ. ಇಷ್ಟಕ್ಕೆ ಒಪ್ಪದ ಮಠವಿದ್ದರೆ ಅದಕ್ಕೆ ಬೇಕಾದದ್ದು ಗುರುವಲ್ಲ, ಜೀತದಾಳು.

ಇಷ್ಟರಿಂದಲೇ ಕಾರ್ಯವಾಗದು. ಮೇಲೆ ಕುಳಿತವನು ಬಾಯಿಬಿಡಬೇಕಾದರೆ ಕೆಳಗೆ ಕುಳಿತವರಿಗೆ ಕೇಳುವ ಅಭ್ಯಾಸವಿರಬೇಕು. ನ್ಯಾಯಶಾಸ್ತ್ರದವರು ಚರ್ಚೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಂಗಡಿಸಿದ್ದಾರೆ. ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ. ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವನದನ್ನು ಕೆಡಹುವುದಷ್ಟೇ ವಿತಂಡಾ. ಈಗ ದೂರದರ್ಶನದ ಪೆಟ್ಟಿಗೆಗಳಲ್ಲಿ ಸ್ವಾಮಿಗಳನ್ನೂ ವಿಚಾರವಾದಿಗಳನ್ನೂ ಎದುರುಬದುರಾಗಿ ಕೂಡಿಸಿ ನಡೆಸುವ ಕೋಳಿಯಂಕವು ಯಾವ ಜಾತಿಗೆ ಸೇರಿದ್ದೆಂದು ವಾಚಕರೇ ನಿರ್ಣಯಿಸಲಿ.

ವಾದವೆಂಬ ಹೆಸರಿಗೆ ತಕ್ಕುದನ್ನು ನಮ್ಮ ನೆರೆಯವರೇ ಒಬ್ಬರು ಪ್ರಯತ್ನಿಸಿದ್ದರು. ಮಧುಗಿರಿಗೆ ಅಂಟಿಕೊಂಡಿರುವ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಹುಟ್ಟಿದ ಡಾಕ್ಟರ್ ಎಚ್. ನರಸಿಂಹಯ್ಯನವರು ೧೯೪೨ರ ಚಳವಳಿಯಲ್ಲಿ ಸೆರೆಮನೆಯನ್ನು ಕಂಡವರು. ಕಡೆಯವರೆಗೂ ಖಾದಿಯನ್ನುಟ್ಟು, ಬ್ರಹ್ಮಚಾರಿಯಾಗಿ, ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ ಬಾಳಿದವರು. ಮಠಾಧಿಪತಿಗಳಲ್ಲಿಯೂ ಅಷ್ಟು ನಿಯಮದ ಸನ್ಯಾಸವು ದುರ್ಲಭ. ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, ೧೯೭೬ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಅವರೊಂದು ಸಮಿತಿಯನ್ನು ನೇಮಿಸಿದರು. ವೈಜ್ಞಾನಿಕ ಮನೋಭಾವವನ್ನು ಪ್ರಜೆಗಳ ಕರ್ತವ್ಯವೆಂದು ಸಂವಿಧಾನದಲ್ಲಿ ಸೇರಿಸಿದ್ದೂ ಅದೇ ವರ್ಷ. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಮೂರು ಕಾಗದಗಳು ಹೋದವು, ಉತ್ತರ ಬರಲಿಲ್ಲ. ಪಾಂಡವಪುರದಲ್ಲಿ ಏಳು ವರ್ಷದ ಬಾಲಕನೊಬ್ಬನ ಕೈಯಿಂದ ವಿಭೂತಿಯು ಉದುರುವುದೆಂದು ಜನರು ಮುಗಿಬೀಳುತ್ತಿದ್ದರು. ಸಮಿತಿಯವರು ಹೋಗಿ ನೋಡಿದಾಗ ವಿಭೂತಿಯು ಅಂಗಿಯೊಳಗೆ ಅಡಗಿತ್ತು. ೧೯೭೭ರಲ್ಲಿ ಸಮಿತಿಯೇ ವಿಸರ್ಜನೆಯಾಯಿತು. ವಿಭೂತಿಯ ಪರೀಕ್ಷೆಯು ದೇವರ ಪರೀಕ್ಷೆಯಲ್ಲವೆಂದು ನಾವು ಬಲ್ಲೆವು. ಆದರೆ ಆ ಏಳು ವರ್ಷದ ಮಗುವನ್ನು ನೆನೆಯಿರಿ: ಅದಕ್ಕೆ ಬುದ್ಧಿ ಬಲಿಯುವ ಮೊದಲೇ ಹಿರಿಯರು ಅದನ್ನು ದೇವರನ್ನಾಗಿ ಮಾಡಿ ಕೂಡಿಸಿದ್ದರು. ಅದರ ಬಿಡುಗಡೆಗೆ ಕಾರಣರಾದವರು ನಾಸ್ತಿಕರೆನಿಸಿಕೊಂಡವರು.

ಎಲ್ಲ ನಾಸ್ತಿಕರಿಗೂ ಈ ಮರ್ಯಾದೆಯು ಸಲ್ಲುವುದೆಂದು ನಾವು ಹೇಳುವುದಿಲ್ಲ. ಈರೋಡಿನ ರಾಮಸ್ವಾಮಿನಾಯಕರು ಕನ್ನಡ ಮನೆಮಾತಿನವರು, ಒಂದು ಕಾಲಕ್ಕೆ ಅಲ್ಲಿನ ದೇವಸ್ಥಾನ ಸಮಿತಿಯ ಆಡಳಿತವನ್ನು ನೋಡಿಕೊಂಡವರು. ಅಸ್ಪೃಶ್ಯತೆಯ ಮೇಲೆ ಅವರಿಗಿದ್ದ ಸಿಟ್ಟು ನಮಗೆ ಅರ್ಥವಾಗುತ್ತದೆ. ೧೯೫೩ರಲ್ಲಿ ಬೀದಿಯಲ್ಲಿ ವಿನಾಯಕನ ಮೂರ್ತಿಗಳನ್ನು ಒಡೆಯಿಸಿದ್ದರಿಂದ ಯಾವ ಭಕ್ತನ ಮನಸ್ಸು ತಿರುಗಿತೆಂಬುದು ಅರ್ಥವಾಗುವುದಿಲ್ಲ. ಇತ್ತ ಆಸ್ತಿಕರ ಹೆಸರಿನಲ್ಲಿ ನಡೆದದ್ದು ಇದಕ್ಕಿಂತ ಘೋರ. ವಚನಗಳ ಸಂಶೋಧನೆಯಲ್ಲಿ ಬಾಳನ್ನು ಸವೆಸಿದ ಡಾಕ್ಟರ್ ಎಂ. ಎಂ. ಕಲಬುರ್ಗಿಯವರನ್ನು ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ಅವರ ಮನೆಯ ಬಾಗಿಲಿನಲ್ಲಿಯೇ ಗುಂಡಿಟ್ಟು ಕೊಂದರು. ಅನುಭವಮಂಟಪದ ನಾಡಿನಲ್ಲಿ ಹೀಗಾಯಿತೆಂದು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ. ಆ ದಿನ ರಾಜ್ಯದ ಮಠಗಳಲ್ಲಿ ಯಾವ ಯಾವ ಕಿರಿಯ ಸ್ವಾಮಿಗಳು ತಮ್ಮ ಸಂಶಯವನ್ನು ಇನ್ನಷ್ಟು ಒಳಕ್ಕೆ ನುಂಗಿಕೊಂಡರೋ ಬಲ್ಲವರಾರು?

ಮಹಾತ್ಮರು ನಡೆದ ದಾರಿ ಬೇರೆ. ಪಾವಗಡದ ಗಡಿಯಾಚೆಯ ಆಂಧ್ರದಲ್ಲಿ ಗೋರಾ ಎಂದು ಪ್ರಸಿದ್ಧರಾದ ಗೋಪರಾಜು ರಾಮಚಂದ್ರರಾಯರು ಸಸ್ಯಶಾಸ್ತ್ರದ ಅಧ್ಯಾಪಕರು. ನಿರೀಶ್ವರವಾದದ ದೆಸೆಯಿಂದ ಕಾಲೇಜಿನ ಕೆಲಸವನ್ನು ಕಳೆದುಕೊಂಡವರು. ೧೯೪೦ರಲ್ಲಿ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿದವರು. ೧೯೪೪ರ ಕಡೆಯಲ್ಲಿ ಅವರು ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯವರೊಡನೆ ದೇವರನ್ನು ಕುರಿತು ವಾದ ಮಾಡಿದರು. ರಾಮನಾಮವೇ ಉಸಿರಾಗಿದ್ದ ಆ ವೃದ್ಧರು ಅವರನ್ನು ಹೊರಗೆ ಕಳುಹಿಸಲಿಲ್ಲ, ಪರಿವರ್ತನೆ ಮಾಡಲೂ ಹೊರಡಲಿಲ್ಲ. ತಮ್ಮದೇ ಸರಿ, ಗೋರಾ ಅವರದು ತಪ್ಪೆಂದು ಹೇಳಲಾರೆನೆಂದರು. ಸತ್ಯವನ್ನು ಅಲ್ಲಗಳೆಯುವ ನಾಸ್ತಿಕನಿಲ್ಲವಾದ್ದರಿಂದ, ದೇವರೇ ಸತ್ಯವೆನ್ನುವ ಬದಲು ಸತ್ಯವೇ ದೇವರೆನ್ನುವುದಾಗಿ ಅವರು ೧೯೩೧ರಲ್ಲಿಯೇ ಹೇಳಿದ್ದರಷ್ಟೆ. ಗೋರಾ ಅವರು ತಮ್ಮ ಹಿರಿಯ ಮಗಳನ್ನು ಹರಿಜನ ಯುವಕನೊಬ್ಬನಿಗೆ ಕೊಟ್ಟು ಮದುವೆ ಮಾಡಲು ನಿಶ್ಚಯಿಸಿದಾಗ, ಅದನ್ನು ಆಶ್ರಮದಲ್ಲಿ ತಾವೇ ನಡೆಸಿಕೊಡುವುದಾಗಿಯೂ, ಪ್ರತಿಜ್ಞೆಯಲ್ಲಿ ದೇವರ ಹೆಸರಿರುವ ಕಡೆ ಸತ್ಯವೆಂದು ಹೇಳಿಸುವುದಾಗಿಯೂ ಗಾಂಧೀಜಿ ಒಪ್ಪಿಕೊಂಡರು. ಅಷ್ಟರಲ್ಲಿ ೧೯೪೮ರ ಜನವರಿ ೩೦ ಬಂದಿತು. ಆಶ್ರಮದವರು ಆ ಮಾತನ್ನು ಬಿಡಲಿಲ್ಲ. ಮಾರ್ಚಿ ೧೩ರಂದು, ಸೇವಾಗ್ರಾಮದಲ್ಲಿಯೇ, ದೇವರ ಹೆಸರಿನ ಸ್ಥಾನದಲ್ಲಿ ಸತ್ಯವನ್ನಿಟ್ಟು ಆ ಮದುವೆಯನ್ನು ನಡೆಸಿಕೊಟ್ಟರು.