ಕೋವಿಗೆ ಮೆಳ್ಳೆಗಣ್ಣು

ಅಮೆರಿಕದ ಸ್ವಾತಂತ್ರ್ಯ ಸಮರ (1775–83) ನಡೆಯುತ್ತಿದ್ದ ಕಾಲ. ಬ್ರಿಟಿಷ್ ಸೈನ್ಯದ ಇಬ್ಬರು ಅಧಿಕಾರಿಗಳು, ಟಾರ್ಲ್‌ಟನ್ ಮತ್ತು ಜಾರ್ಜ್ ಹ್ಯಾಂಗರ್, ಕುದುರೆಗಳನ್ನು ಒತ್ತಿನಲ್ಲಿ ನಿಲ್ಲಿಸಿಕೊಂಡು ಶತ್ರುವಿನ ನೆಲೆಯನ್ನು ನಿಟ್ಟಿಸುತ್ತಿದ್ದರು. ಅವರ ಹಿಂದೆ ಕಹಳೆಯವನಿದ್ದ. ಬಲು ದೂರದಲ್ಲಿ ಒಬ್ಬ ರೈಫಲುಗಾರ ನೆಲದ ಮೇಲೆ ಬೋರಲಾಗಿ ಮಲಗಿ, ಸಾವಧಾನವಾಗಿ ಗುರಿಯಿಟ್ಟು ಈಡು ಹಾರಿಸಿದ. ಗುಂಡು ಇಬ್ಬರ ನಡುವೆಯೇ ತೂರಿಹೋಯಿತು. ಕಹಳೆಯವನ ಕುದುರೆ ಸತ್ತುಬಿತ್ತು. ಎರಡು ಕುದುರೆಗಳ ನಡುವೆ ಎರಡಡಿಯಷ್ಟೂ ಎಡೆಯಿರಲಿಲ್ಲವೆಂದೂ, ಗುಂಡು ಬಂದ ದೂರ 400 ಗಜವೆಂದೂ ಹ್ಯಾಂಗರ್ 1814ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. (ಆ ಸಮರದಲ್ಲಿ ಟಾರ್ಲ್‌ಟನ್ ಯಾರ ಕೈಕೆಳಗೆ ಕುದುರೆಪಡೆ ನಡೆಸಿದನೋ ಆ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದವನು.)

ಗುಂಡು ಪಕ್ಕಕ್ಕೆ ಇನ್ನೊಂದು ಅಡಿ ಸರಿದಿದ್ದರೆ ಇಬ್ಬರಲ್ಲೊಬ್ಬನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದು ತಪ್ಪಿದ್ದು ಉಸಿರಿನ ಏರಿಳಿತದಿಂದಲೋ ಏನೋ, ಬಲ್ಲವರಾರು? ಆದರೆ ಆ ಒಂದಡಿಯನ್ನು ಕೋವಿಯ ಮೇಲೆ ಅಳೆದರೆ ಎಷ್ಟಾಗುತ್ತದೆಂಬುದನ್ನು ಲೆಕ್ಕ ಹಾಕಬಹುದು. ಇಂಚಿನ ನಲವತ್ತನೆಯ ಒಂದು ಪಾಲು. ಹೊಲಿಗೆಯ ಸೂಜಿಯ ದಪ್ಪದಷ್ಟು.

ಇಂತಹ ರೈಫಲುಗಳ ತವರು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸೀಮೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ ಜರ್ಮನ್ ಮತ್ತು ಸ್ವಿಸ್ ಕುಶಲಿಗರು ತಮ್ಮ ನಾಡಿನ ಗಿಡ್ಡ, ದಪ್ಪ ಬೇಟೆಕೋವಿಯನ್ನು ತೆಳ್ಳಗೆ ಮಾಡಿ, ನಳಿಗೆಯನ್ನು 40 ಇಂಚಿಗೂ ಮಿಕ್ಕು ಉದ್ದವಾಗಿ ಎಳೆದರು. ಲೋಕ ಅದನ್ನು ‘ಕೆಂಟಕಿ ರೈಫಲ್’ ಎಂದು ಕರೆಯಿತು. ಹುಟ್ಟೂರಿನ ಹೆಸರು ಹಿಂದೆ ಬಿತ್ತು. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳು, ಬಾಯಿಂದ ತುಂಬುವ ಮದ್ದು, ಜಿಡ್ಡು ಸವರಿದ ಬಟ್ಟೆಯ ತುಣುಕಿನಲ್ಲಿ ಸುತ್ತಿ ಜಡಿಯುವ ಸೀಸದ ಉಂಡೆ. ಕಾಡಿನಂಚಿನಲ್ಲಿ ಗುಡಿಸಲು ಕಟ್ಟಿಕೊಂಡವನಿಗೆ ಚಳಿಗಾಲದ ಮಾಂಸ ಈ ಕೋವಿಯಿಂದಲೇ ಬರಬೇಕು. ಮದ್ದೂ ಸೀಸವೂ ದೂರದಿಂದ ಹೊತ್ತು ತರುವ ಸಾಮಗ್ರಿಗಳು. ಒಂದು ಈಡು ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಜಿಂಕೆ ಎರಡು ಗುಡ್ಡ ದಾಟಿರುತ್ತದೆ. ಅವನ ಮನೆಯ ಒಲೆ ಉರಿಯುವುದಕ್ಕೂ ನಳಿಗೆಯ ಮೇಲಿನ ಎರಡು ಚೂರು ಲೋಹಕ್ಕೂ ಅಷ್ಟು ಹತ್ತಿರದ ಸಂಬಂಧ.

ಆ ಎರಡು ಚೂರುಗಳಲ್ಲಿ ಒಂದು ನಳಿಗೆಯ ಬಾಯ ಬಳಿ ನಿಂತ ತೆಳುವಾದ ಅಲಗು, ಅದನ್ನು ಗುರಿಮೊನೆಯೆನ್ನಬಹುದು. ಇನ್ನೊಂದು ಹಿಂದೆ, ಕಣ್ಣಿನ ಕಡೆಗಿರುವ, ನಡುವೆ ಸಣ್ಣ ಕಚ್ಚು ಕೊರೆದ ಕಬ್ಬಿಣದ ಪಟ್ಟಿ, ಅದು ಗುರಿಗಂಡಿ. ಕಚ್ಚಿನ ನಡುವೆ ಅಲಗು ಸಮನಾಗಿ ಕಾಣಬೇಕು, ಅಲಗಿನ ತುದಿಯಲ್ಲಿ ಮಿಗ ಕುಳಿತಿರಬೇಕು. ಗುರಿಗಂಡಿಗೆ ತಿರುಪೂ ಇಲ್ಲ, ಅಂಕೆಗಳೂ ಇಲ್ಲ. ನಳಿಗೆಯ ಬೆನ್ನಿನಲ್ಲಿ ಅಡ್ಡಲಾಗಿ ಕೊರೆದ, ಬಾಯಿ ಕಿರಿದಾಗಿ ತಳ ಅಗಲವಾದ ತೋಡಿನಲ್ಲಿ ಅದನ್ನು ಪಕ್ಕದಿಂದ ಬಿಗಿಯಾಗಿ ಹೊಡೆದು ಕೂಡಿಸಿರುತ್ತಾರೆ. ಕೋವಿ ಕೈಜಾರಿ ಬಂಡೆಗೆ ಬಡಿದರೆ ಸಾಕು, ಪಟ್ಟಿ ಕಣ್ಣಿಗೆ ಕಾಣದಷ್ಟು ಸರಿಯುತ್ತದೆ. ಅಲ್ಲಿಂದ ಮುಂದೆ ಕೋವಿಗೆ ಮೆಳ್ಳೆಗಣ್ಣು.

ಆದರೆ ಈಡು ತಪ್ಪಿತೆಂದೊಡನೆ ಸುತ್ತಿಗೆ ಹಿಡಿಯುವವನು ಜಾಣನಲ್ಲ. ಬಲ್ಲವನು ಮೊದಲು ಕೋವಿಯನ್ನು ಮೇಜಿನ ಮೇಲೆ ಮರಳಚೀಲಕ್ಕೆ ಒರಗಿಸಿ, ಒಂದೇ ಅಳತೆಯ ಮದ್ದು, ಒಂದೇ ದಪ್ಪದ ಬಟ್ಟೆ ಬಳಸಿ ಐದು ಈಡು ಹೊಡೆಯುತ್ತಾನೆ. ತೂತುಗಳು ಹಲಗೆಯ ತುಂಬ ಚೆಲ್ಲಾಡಿದ್ದರೆ ಗುರಿಗಂಡಿ ನಿರಪರಾಧಿ; ತಪ್ಪು ಕೈಯದೋ ಮದ್ದಿನದೋ ಬಟ್ಟೆಯದೋ ಇರಬೇಕು. ಐದೂ ಒಂದೆಡೆ ಗುಂಪಾಗಿ, ಆ ಗುಂಪು ಮಾತ್ರ ನಡುವಿನ ಬೊಟ್ಟಿನಿಂದ ದೂರ ಬಿದ್ದಿದ್ದರೆ ಆಗ ಗುರಿಗಂಡಿಯನ್ನು ವಿಚಾರಿಸಬೇಕು.

ನಿಯಮ ಸುಲಭ. ಗುಂಡು ಯಾವ ಕಡೆಗೆ ಹೋಗಬೇಕೋ ಗುರಿಗಂಡಿಯನ್ನೂ ಅದೇ ಕಡೆಗೆ ಸರಿಸಬೇಕು. ಗುಂಪು ಎಡಕ್ಕೆ ಬಿದ್ದಿದ್ದರೆ ಗಂಡಿ ಬಲಕ್ಕೆ. ಗಂಡಿ ಬಲಕ್ಕೆ ಸರಿದಾಗ, ಅದನ್ನು ಮೊನೆಯೊಡನೆ ಸಾಲುಗೂಡಿಸಲು ಗುರಿಕಾರ ತನಗರಿವಿಲ್ಲದೆಯೇ ನಳಿಗೆಯ ಬಾಯನ್ನು ಬಲಕ್ಕೆ ತಿರುಗಿಸುತ್ತಾನೆ. ಗುರಿಮೊನೆಯ ನಡತೆ ಇದಕ್ಕೆ ತೀರ ವಿರುದ್ಧ. ಅದನ್ನು ಬಲಕ್ಕೆ ಸರಿಸಿದರೆ ಗುಂಡು ಎಡಕ್ಕೆ ಓಡುತ್ತದೆ. ಎಷ್ಟು ಸರಿಸಬೇಕೆಂಬುದು ತ್ರೈರಾಶಿಯ ಲೆಕ್ಕ. ಮೊನೆಗೂ ಗಂಡಿಗೂ ನಡುವೆ 30 ಇಂಚು, ಹಲಗೆ 50 ಗಜ, ಎಂದರೆ 1,800 ಇಂಚು ದೂರ, ಅರುವತ್ತು ಪಟ್ಟು. ಗುಂಪು 3 ಇಂಚು ಎಡಕ್ಕಿದ್ದರೆ ಗಂಡಿ ಸರಿಯಬೇಕಾದದ್ದು ಇಂಚಿನ ಇಪ್ಪತ್ತನೆಯ ಒಂದು ಪಾಲು ಮಾತ್ರ. 400 ಗಜಕ್ಕೆ ಇದೇ ಲೆಕ್ಕ 480 ಪಟ್ಟಾಗುತ್ತದೆ. ಹ್ಯಾಂಗರನ ಜೀವ ಸೂಜಿಯ ದಪ್ಪದಲ್ಲಿ ಉಳಿದದ್ದು ಹೀಗೆ.

ಕೆಲಸಕ್ಕೆ ಕೈಹಾಕುವ ಮೊದಲು ಮದ್ದು ಜಡಿಯುವ ಸಲಾಕೆಯನ್ನು ನಳಿಗೆಯ ತಳ ಮುಟ್ಟುವವರೆಗೆ ಇಳಿಬಿಟ್ಟು, ಒಳಗೆ ಹಳೆಯ ಈಡು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಪಟ್ಟಿಗೂ ನಳಿಗೆಗೂ ಸೇರಿಸಿ ಒಂದು ಸಣ್ಣ ಗೆರೆ ಎಳೆಯಬೇಕು. ಎಷ್ಟು ಸರಿಯಿತೆಂದು ಹೇಳುವ ಸಾಕ್ಷಿ ಅದೊಂದೇ. ಪಟ್ಟಿಗೆ ಹಿತ್ತಾಳೆಯ ಕಡ್ಡಿಯನ್ನು ಆನಿಸಿ, ಸುತ್ತಿಗೆಯಿಂದ ಮೆಲ್ಲನೆ ತಟ್ಟಬೇಕು. ಉಕ್ಕಿನ ಉಳಿ ಲೋಹವನ್ನು ಗಾಯಗೊಳಿಸುತ್ತದೆ. ಒಂದು ತಟ್ಟು, ಮತ್ತೆ ಕೆಲವು ಈಡು, ಮತ್ತೊಂದು ತಟ್ಟು.

ಪಕ್ಕದ ತಪ್ಪು ಇಷ್ಟರಿಂದ ತೀರುತ್ತದೆ. ಹೆಚ್ಚಾಗಿ ಸರಿಸಿದ್ದರೆ ಆಚೆಯಿಂದ ತಟ್ಟಿ ಹಿಂದಕ್ಕೆ ತರಬಹುದು. ಎತ್ತರದ ತಪ್ಪು ಹಾಗಲ್ಲ. ಅಲ್ಲಿ ಸುತ್ತಿಗೆಯ ಬದಲು ಅರ ಬರುತ್ತದೆ, ಅರ ಉಜ್ಜಿದ್ದು ಮರಳಿ ಬರುವುದಿಲ್ಲ. ಗುಂಡು ಕೆಳಗೆ ಬೀಳುತ್ತಿದ್ದರೆ ಗುರಿಮೊನೆಯ ತಲೆಯನ್ನು ಉಜ್ಜಬೇಕು. ಮೊನೆ ಕುಗ್ಗಿದಷ್ಟೂ ನಳಿಗೆಯ ಬಾಯಿ ಮೇಲೇಳುತ್ತದೆ. ಗುಂಡು ಮೇಲೆ ಹಾರುತ್ತಿದ್ದರೆ ಗಂಡಿಯ ಕಚ್ಚನ್ನು ಆಳ ಮಾಡಬೇಕು. ಆದ್ದರಿಂದಲೇ ಅನುಭವಿ ಕುಶಲಿಗ ಹೊಸ ಕೋವಿಯ ಮೊನೆಯನ್ನು ಬೇಕೆಂದೇ ಎತ್ತರವಾಗಿ ಬಿಟ್ಟು, ಗುಂಡು ಮೊದಮೊದಲು ಕೆಳಗೇ ಬೀಳುವಂತೆ ಮಾಡುತ್ತಾನೆ. ನಾಲ್ಕು ಸಲ ಅರ ಎಳೆದು, ಹೊಡೆದು ನೋಡಿ, ಮತ್ತೆ ಎರಡು ಸಲ ಎಳೆಯುತ್ತಾನೆ. ಒಂದೆಳೆತ ಹೆಚ್ಚಾಯಿತೋ, ಹೊಸ ಮೊನೆಯನ್ನೇ ಕೂಡಿಸಬೇಕು. ಮದ್ದಿನ ಅಳತೆ ಬದಲಾದರೂ ಗುಂಡಿನ ಎತ್ತರ ಬದಲಾಗುವುದರಿಂದ, ಯಾವ ಅಳತೆಯ ಮದ್ದಿಗೆ ಅರ ಹಿಡಿದನೋ ಆ ಅಳತೆಗೇ ಗುರಿಕಾರ ಕಟ್ಟುಬೀಳುತ್ತಾನೆ. ಅಮೆರಿಕದಲ್ಲಿ ಹಳೆಯ ಮಾದರಿಯ ಕೋವಿಗಳನ್ನು ಪ್ರೀತಿಯಿಂದ ಮಾಡಿ ಹೊಡೆಯುವವರು ಇಂದಿಗೂ ಈ ಕ್ರಮವನ್ನೇ ಅನುಸರಿಸುತ್ತಾರೆ.

ನಮ್ಮ ದೇಶದ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ .303 ರೈಫಲಿನಲ್ಲಿ ದೂರಕ್ಕೆ ತಕ್ಕಂತೆ ಏರಿಳಿಸುವ ಗುರಿಗಂಡಿಯಿತ್ತು. ಆದರೂ ಪಕ್ಕದ ತಪ್ಪನ್ನು ತಿದ್ದಲು ಆಯುಧಗಳ ಮೇಸ್ತ್ರಿ ಮುಂದಣ ಮೊನೆಯನ್ನು ತೋಡಿನಲ್ಲಿ ಸರಿಸುತ್ತಿದ್ದ, ಹಳೆಯ ಉಪಾಯವನ್ನೇ ತಿರುವುಮುರುವಾಗಿ. ಉತ್ತರ ಪ್ರದೇಶದ ಪೊಲೀಸರು ಈ ರೈಫಲನ್ನು 2020ರ ಗಣರಾಜ್ಯೋತ್ಸವದಂದು ಬೀಳ್ಕೊಟ್ಟರು.

ಕೋವಿಯನ್ನು ಪೂಜಿಸುವ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ತೆಂಗಿನಕಾಯಿಗೆ ಈಡು ಹೊಡೆಯುವ ಪಂದ್ಯ ನಡೆಯುತ್ತದೆ. ಚರೆ ಹಾರಿಸುವ ತೋಟೆಕೋವಿಗಳಲ್ಲಿ ಸಾಮಾನ್ಯವಾಗಿ ಗುರಿಗಂಡಿ ಇರುವುದೇ ಇಲ್ಲ. ನಳಿಗೆಯ ತುದಿಯಲ್ಲಿ ಒಂದು ಮಣಿ, ಅಷ್ಟೇ. ಅಂತಹ ಕೋವಿಗೆ ಗುರಿಕಾರನ ಕಣ್ಣೇ ಗುರಿಗಂಡಿ. ಅವನ ಕೆನ್ನೆ ಮರದ ಹಿಡಿಯ ಮೇಲೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಒರಗಬೇಕು. ಹಿಡಿ ಅವನ ಕತ್ತಿನ ಅಳತೆಗೆ ಒಗ್ಗದಿದ್ದರೆ ಸುತ್ತಿಗೆಗೆ ಅಲ್ಲಿ ಕೆಲಸವಿಲ್ಲ. ಬಡಗಿಯನ್ನು ಕರೆಸಿ ಮರವನ್ನೇ ಹೆರೆಸಬೇಕು, ಇಲ್ಲವೆ ಕೆನ್ನೆ ತಾಗುವೆಡೆಗೆ ಚರ್ಮದ ಪಟ್ಟಿ ಸುತ್ತಿಸಬೇಕು.