ನೀರಿಲ್ಲದ ಮಜ್ಜನಗೃಹ

ನಂಜನಗೂಡಿನ ಕಪಿಲೆಯಲ್ಲಿಯೋ, ಆ ನದಿ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ಸಂಗಮದಲ್ಲಿಯೋ ಮಿಂದು ಬೆಳೆದವರಿಗೆ ಸ್ನಾನವೆಂದರೆ ಮನುಷ್ಯನು ನೀರಿನ ಬಳಿಗೆ ಹೋಗುವುದು. ನೀರನ್ನೇ ಮನುಷ್ಯನ ಬಳಿಗೆ ಕರೆತಂದು ಅದರ ಸುತ್ತ ಭವನವನ್ನು ನಿರ್ಮಿಸುವುದು ಬೇರೊಂದು ವಿದ್ಯೆ. ಪ್ರಾಚೀನ ರೋಮನರು ಇದರಲ್ಲಿ ನಿಷ್ಣಾತರಾಗಿದ್ದರು. ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನೆಲವನ್ನು ನಿಲ್ಲಿಸಿ, ಕೆಳಗೆ ಒಲೆಯ ಬಿಸಿಗಾಳಿಯನ್ನು ಹಾಯಿಸಿ ಸ್ನಾನದ ಕೋಣೆಗಳನ್ನು ಬೆಚ್ಚಗಿಡುತ್ತಿದ್ದರು. ಇಂಗ್ಲೆಂಡಿನ ಬಾತ್ ನಗರದಲ್ಲಿ ಬಿಸಿನೀರಿನ ಬುಗ್ಗೆಯ ಬಳಿ ಅವರು ಕಟ್ಟಿ, ಸೀಸದ ತಗಡನ್ನು ಹಾಸಿದ ಕೊಳದಲ್ಲಿ ಇಂದಿಗೂ ನೀರು ತುಂಬಿದೆ.

ನಮ್ಮ ನಾಡಿನಲ್ಲಿ ಇಂತಹ ಭವನವೊಂದನ್ನು ಕಾಣಬಯಸುವವರು ಹಂಪೆಗೆ ಹೋಗಬೇಕು. ಕಮಲಾಪುರದ ಕಡೆಯಿಂದ ಅರಮನೆಯ ಆವರಣಕ್ಕೆ ಸಾಗುವಾಗ ದೊರೆಯುವ ಚೌಕಾಕಾರದ ಕಟ್ಟಡವೇ ‘ರಾಣಿಯ ಸ್ನಾನಗೃಹ’. ಇದು ವಿಜಯನಗರದ ಅರಸರ ಕಾಲದ್ದು. ‘ರಾಣಿಯ’ ಎಂಬುದು ಮಾತ್ರ ಜನರು ಇಟ್ಟ ಹೆಸರು. ಹೊರಗಿನಿಂದ ನೋಡಿದರೆ ಉಗ್ರಾಣದಂತೆ ಬೋಳುಗೋಡೆ. ಒಳಗೆ ಕಾಲಿಟ್ಟರೆ ಕಮಾನುಗಳ ಮೊಗಸಾಲೆ, ಗಾರೆಯ ಕುಸುರಿ, ಕೊಳದ ಮೇಲಕ್ಕೆ ಚಾಚಿದ ಗವಾಕ್ಷಗಳು. ನಡುವೆ ಸುಮಾರು 15 ಮೀಟರ್ ಚೌಕದ, ಆಳುದ್ದದ ಕೊಳ. ಅದರ ಮೇಲೆ ಸೂರಿಲ್ಲ, ಆಕಾಶವೇ ಇದೆ. ಕಟ್ಟಡದ ಸುತ್ತಲೂ ಕಂದಕವಿದೆ. ಕಾಲುವೆಯ ಮೂಲಕ ಬರುತ್ತಿದ್ದ ನೀರು ಈಗ ಬರುವುದಿಲ್ಲ.

ಛಾಯಾಚಿತ್ರ ತೆಗೆಯುವವರು ಸಾಮಾನ್ಯವಾಗಿ ಗವಾಕ್ಷಗಳ ಮುಂದೆ ತಾವೇ ನಿಂತು ತೃಪ್ತರಾಗುತ್ತಾರೆ. ಕಂದಕವನ್ನೂ ಕಾಲುವೆಯ ಕುರುಹನ್ನೂ ಚಿತ್ರಿಸುವವರು ವಿರಳ. ಅವಿಲ್ಲದ ಚಿತ್ರದಲ್ಲಿ ಸ್ನಾನಗೃಹವು ಬರಿಯ ಅಲಂಕೃತ ಪ್ರಾಂಗಣವಾಗಿ ತೋರುತ್ತದೆ. ನೀರು ಬಂದ ದಾರಿ ಕಂಡಾಗಲೇ ಕಟ್ಟಿದವರ ಜಾಣ್ಮೆ ತಿಳಿಯುತ್ತದೆ. ನಡುಹಗಲಿನಲ್ಲಿ ಕೊಳವು ಕಣ್ಣು ಕೋರೈಸುವಾಗ ಮೊಗಸಾಲೆ ಕತ್ತಲೆಯಲ್ಲಿರುತ್ತದೆ. ಬೆಳಗಿನ ಓರೆಬಿಸಿಲೇ ಗಾರೆಯ ಕೆಲಸಕ್ಕೆ ಒಳ್ಳೆಯದು. ಆಗ ಹೂಬಳ್ಳಿಯ ಜೊತೆಗೆ ಗೋಡೆಯ ಬಿರುಕೂ ಸ್ಪಷ್ಟವಾಗಿ ಮೂಡುತ್ತದೆ.

ಬಿರುಕಿನ ಚಿತ್ರವೇಕೆ ಎನ್ನಬೇಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ, ಮೇಣ ಸವರಿದ ಕಾಗದದ ನೆಗೆಟಿವ್‌ಗಳನ್ನು ಬಳಸಿ ಹಂಪೆಯ ಅವಶೇಷಗಳ ಛಾಯಾಚಿತ್ರಗಳನ್ನು ತೆಗೆದನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದ್ದುದು ಅವನ ಚಿತ್ರದಲ್ಲಿ ಕಾಣುತ್ತದೆ. ಇಂದು ಆ ಶಿಖರವಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ನೆಲೆಗಳನ್ನು ಹುಡುಕಿ, ಅಲ್ಲಿ ನಿಂತು ಮತ್ತೆ ಚಿತ್ರಗಳನ್ನು ತೆಗೆದರು. ಎರಡನ್ನೂ ಜೊತೆಗಿಟ್ಟು ನೋಡಿದರೆ ಏನು ಉಳಿಯಿತು, ಏನು ಅಳಿಯಿತು ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಸ್ನಾನಗೃಹದ ಗಾರೆಯ ಹೂಬಳ್ಳಿಗಳೂ ಅಲ್ಲಲ್ಲಿ ಉದುರಿಹೋಗಿ, ಒಳಗಿನ ಇಟ್ಟಿಗೆ ಕಾಣುತ್ತಿದೆ.