ವಿಳಾಸಕ್ಕೆ ಅಂಟಿದ ಕಳಂಕ

ಶಹಾಬಾದಿನ ಫರಸಿಗಲ್ಲನ್ನು ತುಳಿಯದ ಪಾದವು ಈ ನಾಡಿನಲ್ಲಿ ವಿರಳ. ನಿಲ್ದಾಣ, ಪಾಠಶಾಲೆ, ಕಚೇರಿಗಳಿಗೆಲ್ಲ ತಣ್ಣನೆಯ ನೆಲವನ್ನೊದಗಿಸಿದ ಆ ಸುಣ್ಣಗಲ್ಲಿನ ಪದರಗಳನ್ನು ಶಹಾಬಾದ್, ಚಿತ್ತಾಪುರ, ಸೇಡಂ ಸೀಮೆಯ ಗಣಿಗಳಲ್ಲಿ ಉರಿಬಿಸಿಲಿಗೆ ಬೆನ್ನೊಡ್ಡಿ ಎಬ್ಬಿಸತಕ್ಕ ಶ್ರಮಿಕನು, ತಾನು ವಾಸಿಸುವ ಬಸ್ತಿಯ ಹೆಸರನ್ನು ಪರಸ್ಥಳದಲ್ಲಿ ಉಚ್ಚರಿಸಲು ಸಂಕೋಚಪಡುವನೆಂಬುದು ಸಮಾಜವು ಲಜ್ಜಿಸಬೇಕಾದ ಸಂಗತಿಯಾಗಿದೆ.

ವಾಡಿ, ಶಹಾಬಾದ್, ಸೇಡಂಗಳಲ್ಲಿ ಸಿಮೆಂಟು ಉದ್ಯಮವು ಬೇರೂರಿದಾಗ ಕಾಯಂ ನೌಕರರಿಗೆ ಸಾಲುಮರಗಳ ಕಾಲೊನಿಯೂ, ಗುತ್ತಿಗೆಯ ಕೂಲಿಗಳಿಗೆ ಅದರ ಗೋಡೆಯಾಚೆಯ ಗುಡಿಸಲೂ ಪ್ರಾಪ್ತವಾದವು. ಒಂದೇ ಧೂಳನ್ನು ಉಸಿರಾಡುವವರಲ್ಲಿ ಒಬ್ಬನಿಗೆ ‘ಕ್ವಾರ್ಟರ್ಸಿನವರು’ ಎಂಬ ಗೌರವ, ಇನ್ನೊಬ್ಬನಿಗೆ ‘ಸ್ಲಮ್ಮಿನವರು’ ಎಂಬ ತಿರಸ್ಕಾರ. ಸಾಲ ಕೇಳುವಲ್ಲಿ, ಕನ್ಯೆಯನ್ನು ಕೇಳುವಲ್ಲಿ, ಮಗುವನ್ನು ಶಾಲೆಗೆ ಸೇರಿಸುವಲ್ಲಿ ಮನುಷ್ಯನಿಗಿಂತ ಮುಂಚಿತವಾಗಿ ಅವನ ವಿಳಾಸವೇ ವಿಚಾರಣೆಗೆ ಗುರಿಯಾಗುತ್ತದೆ.

ಕರ್ನಾಟಕದಲ್ಲಿ ಕೊಳಚೆ ಪ್ರದೇಶಗಳ ಸುಧಾರಣೆ ಹಾಗೂ ನಿರ್ಮೂಲನದ ಕಾಯಿದೆ ಬಂದದ್ದು 1973ರಲ್ಲಿ. ಆ ಎರಡು ಉದ್ದೇಶಗಳಲ್ಲಿ ನಿರ್ಮೂಲನವು ಎಷ್ಟು ಸುಲಭ, ಸುಧಾರಣೆಯು ಎಷ್ಟು ಕಠಿನ ಎಂಬುದಕ್ಕೆ ಬೆಂಗಳೂರಿನ ಈಜಿಪುರವು ಸಾಕ್ಷಿ. ಬಡವರಿಗಾಗಿ ಕಟ್ಟಿದ ಬಹುಮಹಡಿ ವಸತಿಗಳಲ್ಲಿ ಕೆಲವು ಕುಸಿದ ಬಳಿಕ, ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕಾದಿದ್ದ ಸಾವಿರಕ್ಕೂ ಮಿಕ್ಕ ಕುಟುಂಬಗಳನ್ನು 2013ರ ಜನವರಿಯ ಚಳಿಯಲ್ಲಿ ಹೊರಹಾಕಲಾಯಿತು; ಆ ಭೂಮಿಯ ಒಂದು ಭಾಗವು ವಾಣಿಜ್ಯ ಸಂಕೀರ್ಣಕ್ಕೆ ಮೀಸಲಾಗಿತ್ತು. ಅಮೆರಿಕದ ಸೇಂಟ್ ಲೂಯಿಸ್ ನಗರವೂ ಬಡವರಿಗೆಂದು ಕಟ್ಟಿದ ಪ್ರೂಯಿಟ್-ಐಗೋ ಎಂಬ ಮೂವತ್ತಮೂರು ಗೋಪುರಗಳನ್ನು ಇಪ್ಪತ್ತು ವರ್ಷ ತುಂಬುವುದರೊಳಗೆ, 1972ರಲ್ಲಿ, ಸಿಡಿಮದ್ದಿನಿಂದ ಉರುಳಿಸತೊಡಗಿತು. ಎರಡೆಡೆಯೂ ದೋಷವು ನಿವಾಸಿಗಳ ತಲೆಗೇ ಬಂದಿತೆಂಬುದು ನನಗೆ ಅಸಹ್ಯವಾಗಿ ತೋರುತ್ತದೆ. ಮೆಟ್ಟಿಲು ಹತ್ತಿಸಿ ಬೀಗದ ಕೈ ಕೊಟ್ಟು, ನೀರನ್ನೂ ದುರಸ್ತಿಯನ್ನೂ ಮರೆತ ಆಡಳಿತವು ಸ್ವಲ್ಪ ಕಾಲದಲ್ಲಿಯೇ ಆ ಗೋಡೆಗಳ ಮಾಲಿನ್ಯವನ್ನು ತೋರಿಸಿ ‘ಇವರ ಸ್ವಭಾವವೇ ಹೀಗೆ’ ಎನ್ನುತ್ತದೆ. ಚಿಂಚೋಳಿಯ ತಾಂಡಾದಿಂದ ಗುಳೆ ಬಂದವಳು ಮೂರನೆಯ ಅಂತಸ್ತಿನಲ್ಲಿ ಆಡನ್ನೆಲ್ಲಿ ಕಟ್ಟಬೇಕು, ಜೋಳವನ್ನೆಲ್ಲಿ ಹರವಬೇಕು, ಬೇಸಗೆಯ ರಾತ್ರಿ ಹಾಸಿಗೆಯನ್ನೆಲ್ಲಿ ಹಾಸಬೇಕು ಎಂದು ನಕ್ಷೆ ಬರೆದವನು ಕೇಳಿದ್ದುಂಟೆ?

ರಾಷ್ಟ್ರಕೂಟರ ರಾಜಧಾನಿಯಾಗಿದ್ದ, ಸೇಡಂ ತಾಲ್ಲೂಕಿನ ಮಳಖೇಡದಲ್ಲಿ 2023ರ ಜನವರಿ 19ರಂದು, ದಾಖಲೆಯಿಲ್ಲದೆ ತಲೆಮಾರುಗಳಿಂದ ನೆಲೆಸಿದ್ದ ಐವತ್ತು ಸಾವಿರಕ್ಕೂ ಅಧಿಕ ಕುಟುಂಬಗಳಿಗೆ, ಬಹುತೇಕ ತಾಂಡಾ ಹಟ್ಟಿಗಳವರಿಗೆ, ಹಕ್ಕುಪತ್ರಗಳ ವಿತರಣೆಯು ಆರಂಭವಾಯಿತು. ಗ್ರಾಮಕ್ಕೆ ಸಲ್ಲುವ ಈ ನ್ಯಾಯವು ವಾಡಿ, ಶಹಾಬಾದಿನ ಬಸ್ತಿಗಳಿಗೂ ಸಲ್ಲಬೇಕು. ಒಂದು ಗುಡಿಸಲನ್ನು ಕೆಡಹುವ ಮೊದಲು ಹಕ್ಕುಪತ್ರವನ್ನು ಮನೆಯೊಡತಿಯ ಕೈಗಿಡಿರಿ, ಕೆಲಸದ ಸ್ಥಳದ ಸಮೀಪದಲ್ಲಿಯೇ ಮನೆ ಕಟ್ಟಿರಿ, ನಕ್ಷೆಯನ್ನು ಅಲ್ಲಿ ಬಾಳುವವರೊಡನೆ ಕುಳಿತು ಬರೆಯಿರಿ ಎಂದು ನಗರಸಭೆ, ಪುರಸಭೆ ಮತ್ತು ಕೊಳಚೆ ಪ್ರದೇಶಗಳ ಮಂಡಳಿಯ ಅಧಿಕಾರಿಗಳನ್ನು ವಿನಂತಿಸುತ್ತೇನೆ.